ಕೆಳಗಿನಿಂದ ಓದುತ್ತಿದ್ದ ಹಸನಬ್ಬ ಕಾಕ

ಹಸನಬ್ಬ ಕಾಕ ಯಾವ ಕಾಗದವನ್ನೂ ಮೇಲಿನಿಂದ ಓದಿದವರಲ್ಲ. ಮೊದಲು ಅವರ ಕಣ್ಣು ಕಾಗದದ ಬುಡಕ್ಕೆ ಹೋಗಬೇಕು. ಅಲ್ಲಿ ಮೊಹರು ಇದೆಯೇ, ಮೊಹರಿನ ಮೇಲೆ ಸಹಿ ಹಾಯ್ದಿದೆಯೇ, ಸಹಿ ಮಾಡಿದವನ ಹೆಸರನ್ನು ಬಿಡಿಸಿ ಬರೆದಿದ್ದಾರೆಯೇ ಎಂದು ನೋಡಿ, ಆಮೇಲೆ ತಾರೀಖು ನೋಡಿ, ಅಲ್ಲಿಂದ ಒಂದೊಂದೇ ಸಾಲು ಮೇಲಕ್ಕೆ ಹತ್ತುತ್ತಾ ಕಡೆಗೆ "ಮಾನ್ಯರೇ" ಎಂಬಲ್ಲಿಗೆ ತಲುಪುತ್ತಿದ್ದರು. ಅಷ್ಟರಲ್ಲಿ ಹಣೆ ಗಂಟಿಕ್ಕಿರುತ್ತಿತ್ತು. "ಮೇಲೆ ಬರೆಯುವುದು ನಮ್ಮನ್ನು ಖುಷಿ ಮಾಡ್ಲಿಕ್ಕೆ ಮಾರಾಯ. ಅವರಿಗೆ ಬೇಕಾದ್ದೆಲ್ಲ ಕೆಳಗೆ ಸಣ್ಣಕ್ಕೆ ಬರೆದಿರ್ತಾರೆ," ಎನ್ನುತ್ತಿದ್ದರು.

ನಾನು ರಿಯಾದ್‌ಗೆ ಹೋದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಅಂಗಡಿ ಬೋರ್ಡು, ಮದುವೆ ಕಾರ್ಡು ಅಂತ ಕೆಲವು ವರ್ಷ ಕೈ ಬಣ್ಣ ಮಾಡಿಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಬರೆಯುವುದನ್ನು ರೂಢಿಸಿಕೊಂಡಿದ್ದೆ. ಮಲಾಜ್ ಬಡಾವಣೆಯಲ್ಲಿದ್ದ ನಮ್ಮ ಕಂಪನಿ ಅರಬ್ಬಿ ಮಕ್ಕಳಿಗೆ ಅಕ್ಷರ, ಲೆಕ್ಕ ಕಲಿಸುವ ಕಂಪ್ಯೂಟರ್ ಆಟಗಳನ್ನು ಮಾಡುತ್ತಿತ್ತು. ಒಂಟೆ, ಖರ್ಜೂರದ ಮರ, ಕಾಫಿ ಹೂಜಿ ಇವನ್ನೆಲ್ಲ ಚುಕ್ಕೆ ಚುಕ್ಕೆಯಾಗಿ ಪರದೆಯ ಮೇಲೆ ಮೂಡಿಸುವುದು ನನ್ನ ಕೆಲಸ. ಕಾಕ ಅಲ್ಲಿನ ಮಂದೂಬ್. ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಅಲೆಯುವವರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ನಮ್ಮೆಲ್ಲರ ಪಾಸ್‌ಪೋರ್ಟುಗಳು ಕಫೀಲ್, ಅಂದರೆ ನಮಗೆ ವೀಸಾ ಕೊಡಿಸಿ ಕರೆಸಿಕೊಂಡ ಮಾಲೀಕನ ಕಪಾಟಿನಲ್ಲಿ, ಕಪಾಟಿನ ಬೀಗದ ಕೈ ಕಾಕನ ಸೊಂಟದಲ್ಲಿ. ಇಕಾಮಾ ಎಂಬ ವಾಸದ ಪರವಾನಗಿ ನವೀಕರಿಸಲು, ರಜೆಗೆ ಊರಿಗೆ ಹೋಗಲು, ಎಲ್ಲದಕ್ಕೂ ಅವರೇ ಬೇಕು.

ವಿಟ್ಲದ ಕಡೆಯವರು. ಐವತ್ತು ದಾಟಿದ್ದ, ಸಣ್ಣ ಮೈಕಟ್ಟಿನ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ; "ಹೋಯ್ ಮೈಸೂರು" ಅಂದರೆ ನಾನೇ. ಅವರ ಅನುಮಾನಕ್ಕೆ ಹೊರಗಾದದ್ದು ಈ ಲೋಕದಲ್ಲಿ ಏನೂ ಇರಲಿಲ್ಲ. ಬಕಾಲಾದಲ್ಲಿ, ಅಂದರೆ ಬೀದಿಯ ದಿನಸಿ ಅಂಗಡಿಯಲ್ಲಿ, ಹಾಲು ಕೊಂಡರೆ ತಾರೀಖನ್ನು ಉಗುರಿನಿಂದ ಕೆರೆದು, ಅದರಡಿಯಲ್ಲಿ ಇನ್ನೊಂದು ತಾರೀಖು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವರು. ಬೇಸಿಗೆಯಲ್ಲಿ ರೇಡಿಯೋದವರು ಬಿಸಿಲು ನಲವತ್ತೊಂಬತ್ತು ಎಂದರೆ ನಗುವರು. "ಐವತ್ತು ಅಂತ ಹೇಳಿದ್ರೆ ಕೆಲಸದವರಿಗೆ ರಜೆ ಕೊಡ್ಬೇಕಲ್ಲ, ಅದಕ್ಕೆ ಅಲ್ಲಿಗೇ ನಿಲ್ಲಿಸ್ತಾರೆ. ಆ ಥರ್ಮಾಮೀಟರಿಗೂ ಕಫೀಲ್ ಇದ್ದಾನೆ ಮಾರಾಯ." ನಾನು ಎಷ್ಟೋ ಸಲ ಅವರ ಬೆನ್ನ ಹಿಂದೆ ನಕ್ಕಿದ್ದೇನೆ.

ತೊಂಬತ್ತೆಂಟರಲ್ಲಿ ನನಗೊಂದು ಕಾಗದ ಬಂತು. ನಮ್ಮಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದ ಲೆಬನಾನಿನ ಜೋಸೆಫನ ತಂಗಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಳು. ಫ್ರೆಂಚ್ ಮಾತಾಡುವ ಸೀಮೆ ಅದು. ಅಲ್ಲಿನ ಸರ್ಕಾರ ವೀಡಿಯೊ ಗೇಮ್ ಮಾಡುವ ಕಂಪನಿಗಳನ್ನು ಕರೆದು ಕೂರಿಸುತ್ತಿದೆ, ಕೊಡುವ ಒಂದೊಂದು ಕೆಲಸಕ್ಕೂ ಸಂಬಳದಲ್ಲಿ ಒಂದು ಪಾಲು ತಾನೇ ಕಟ್ಟಿಕೊಡುತ್ತಿದೆ, ಚಿತ್ರ ಬರೆಯುವವರು ಸಾಲುತ್ತಿಲ್ಲ ಎಂದು ಅವಳು ಬರೆದಿದ್ದಳು. ಜೋಸೆಫ್ ನನ್ನ ಚಿತ್ರಗಳ ಒಂದು ಡಿಸ್ಕ್ ಕಳಿಸಿದ. ಎರಡು ತಿಂಗಳಿಗೆ ಕೆಲಸದ ಕಾಗದ ಬಂತು. ಸೆಪ್ಟೆಂಬರ್ ಒಂದನೇ ತಾರೀಖಿನೊಳಗೆ ಬಂದು ಸೇರಬೇಕು. ಒಂಟೆ ಬರೆದು ಬರೆದು ಬೇಸತ್ತಿದ್ದ ನನಗೆ ನೆಲ ಕಾಣಲಿಲ್ಲ.

ಕಾಕನಿಗೆ ತೋರಿಸಿದೆ. ಅವರು ಯಥಾಪ್ರಕಾರ ಬುಡದಿಂದ ಶುರು ಮಾಡಿದರು.

"ಸೀಲ್ ಎಲ್ಲಿ?"

"ಅಲ್ಲೆಲ್ಲ ಸೀಲ್ ಹಾಕಲ್ಲ ಕಾಕಾ. ಸಹಿ ಮಾಡಿದ್ರೆ ಆಯ್ತು."

"ಸೀಲ್ ಇಲ್ಲದ ಕಾಗದಕ್ಕೂ ಕಡಲೆಕಾಯಿ ಕಟ್ಟುವ ಕಾಗದಕ್ಕೂ ಎಂತ ವ್ಯತ್ಯಾಸ?" ಎಂದು, ಬೆರಳಿಟ್ಟು ಒಂದು ಸಾಲು ತೋರಿಸಿದರು. ಎರಡನೆಯ ಪುಟದ ಕೊನೆಯಲ್ಲಿ, ನಾನು ಓದದೇ ಬಿಟ್ಟಿದ್ದ ಸಾಲು: ಈ ಹುದ್ದೆ ಪ್ರಾಂತ್ಯ ಸರ್ಕಾರದ ನೆರವಿಗೆ ಒಳಪಟ್ಟಿದೆ. "ನೋಡು. ನಿನಗೆ ಕೆಲಸ ಕೊಡುವುದು ಕಂಪನಿಯಲ್ಲ. ಆಟ ಮಾಡ್ಲಿಕ್ಕೆ ಸರಕಾರ ಸಂಬಳ ಕೊಡುವುದಾ? ಯಾಕೆ? ಅವರಿಗೆ ಎಂತ ಆಗ್ಬೇಕು?"

"ಅವರ ಹುಡುಗರಿಗೆ ಕೆಲಸ ಸಿಗಲಿ ಅಂತ."

"ಹಾಗಾದ್ರೆ ನಿನ್ನನ್ನು ಯಾಕೆ ಕರೀತಾರೆ?"

ಕೆನಡಾದ ವೀಸಾ ಸಿಕ್ಕ ಮೇಲೆಯೂ ಅವರ ಅನುಮಾನ ಇಳಿಯಲಿಲ್ಲ. "ವೀಸಾ ಕೊಟ್ಟವ ಅನ್ನ ಹಾಕ್ತಾನಾ? ಬೊಂಬಾಯಿಯಲ್ಲಿ ವೀಸಾ ಕೈಯಲ್ಲಿ ಹಿಡ್ಕೊಂಡು ಫುಟ್‌ಪಾತಿನಲ್ಲಿ ಮಲಗಿದವರನ್ನು ನಾನು ನೋಡಿದ್ದೇನೆ" ಎಂದರು.

ಮುಂದಿನ ಶುಕ್ರವಾರ, ನಮಾಜು ಮುಗಿಸಿ, ತಮ್ಮ ಹಳೆಯ ಪಿಕಪ್‌ನಲ್ಲಿ ನನ್ನನ್ನು ಅಲ್ ಖರ್ಜ್ ಕಡೆಗೆ ಕರೆದುಕೊಂಡು ಹೋದರು. ಯಾಕೆಂದು ಹೇಳಲಿಲ್ಲ. ಡೈರಿಗಳನ್ನು ದಾಟಿ, ಮಣ್ಣಿನ ದಾರಿಗೆ ತಿರುಗಿ, ಒಂದು ಬಯಲಿನಲ್ಲಿ ನಿಲ್ಲಿಸಿದರು. ಕಣ್ಣಿಗೆ ಕಾಣುವಷ್ಟು ದೂರ ದುಂಡನೆಯ ಹೊಲ, ಆದರೆ ಹೊಲದ ತುಂಬ ಬರೀ ಧೂಳು. ನಡುವೆ ಚಕ್ರಗಳ ಮೇಲೆ ನಿಂತ ಉದ್ದನೆಯ ನೀರಿನ ಕೊಳವೆ ತುಕ್ಕು ಹಿಡಿದು ಅರ್ಧಕ್ಕೆ ಬಾಗಿತ್ತು.

"ಇಲ್ಲಿ ಗೋಧಿ ಬೆಳೀತಿತ್ತು," ಎಂದರು ಕಾಕ. "ಮರುಭೂಮಿಯಲ್ಲಿ! ನಾನು ಇಲ್ಲಿ ಎಂಟು ವರ್ಷ ಗುಮಾಸ್ತ. ಹೊರಗಿಂದ ತಂದ್ರೆ ಅಗ್ಗಕ್ಕೆ ಸಿಗುವ ಗೋಧಿಗೆ ಸರಕಾರ ಎಷ್ಟೋ ಪಾಲು ಹೆಚ್ಚು ಕೊಟ್ಟು ಕೊಳ್ತಿತ್ತು. ಪಂಪು, ಮೆಷಿನು ಎಲ್ಲದಕ್ಕೂ ಸಹಾಯ. ಊರೆಲ್ಲ ರೈತರೇ. ಡಾಕ್ಟ್ರೂ ರೈತ, ಬಟ್ಟೆ ಅಂಗಡಿಯವನೂ ರೈತ. ಒಂದು ವರ್ಷ ಸರಕಾರ ಸಾಕು ಅಂತ ಕೈ ಹಿಂದೆ ತೆಗೀತು. ನಮ್ಮ ಕಫೀಲ್ ಬಟ್ಟೆ ಅಂಗಡಿಗೆ ವಾಪಸು ಹೋದ. ನಾವು ನಲವತ್ತು ಜನ ಇಲ್ಲಿ ಶೆಡ್ಡಿನಲ್ಲಿ. ಪಾಸ್‌ಪೋರ್ಟ್ ಕೊಡ್ಲಿಕ್ಕೆ ಯಾರೂ ಬರ್ಲಿಲ್ಲ. ಆ ಕಚೇರಿ, ಈ ಕಚೇರಿ ಅಂತ ಕಾಲು ಸವೆಸಿ ಎಲ್ಲರ ಪಾಸ್‌ಪೋರ್ಟ್ ಬಿಡಿಸಿದ್ದು ನಾನು. ಮಂದೂಬ್ ಕೆಲಸ ನನಗೆ ಯಾರೂ ಕಲಿಸಿದ್ದಲ್ಲ."

ನಾನು ಧೂಳು ನೋಡುತ್ತಾ ನಿಂತಿದ್ದೆ. ಗೋಧಿಯೇ ಬೇರೆ, ಗೇಮೇ ಬೇರೆ ಎಂದು ವಾದಿಸಬಹುದಿತ್ತು. ಬಿಸಿಲು ತಲೆಗೆ ಏರಿತ್ತು, ಗಾಡಿ ಹತ್ತಿ ಕೂತೆ.

ಆದರೂ ರಾಜೀನಾಮೆ ಕೊಟ್ಟೆ. ಮ್ಯಾನೇಜರ್ ತಕರಾರಿಲ್ಲದೆ ಒಪ್ಪಿ, ಫೈನಲ್ ಎಕ್ಸಿಟ್, ಅಂದರೆ ದೇಶ ಬಿಟ್ಟು ಹೋಗುವ ಮುದ್ರೆ, ಹಾಕಿಸಲು ಪಾಸ್‌ಪೋರ್ಟನ್ನು ಕಾಕನಿಗೆ ಕೊಡಿಸಿದರು. ಆ ಮುದ್ರೆ ಬಿದ್ದ ಮೇಲೆ ಇಕಾಮಾ ಹೋಗುತ್ತದೆ, ಮಲಾಜ್‌ನ ಬಾಗಿಲು ಮುಚ್ಚುತ್ತದೆ. ಮಾಂಟ್ರಿಯಲ್ ಸುಳ್ಳಾದರೆ ನಾನು ಎಲ್ಲಿಯೂ ಇಲ್ಲದವನು. ಮುದ್ರೆ ಬೀಳದಿದ್ದರೆ ಸೆಪ್ಟೆಂಬರ್ ಒಂದು ತಪ್ಪುತ್ತದೆ. ಒಂದು ವಾರವಾಯಿತು. ಪಾಸ್‌ಪೋರ್ಟ್ ಕಚೇರಿಯಲ್ಲಿ ಕಂಪ್ಯೂಟರ್ ಕೆಟ್ಟಿದೆ ಎಂದರು ಕಾಕ. ಎರಡನೆಯ ವಾರ, ಅಧಿಕಾರಿ ರಜೆಯಲ್ಲಿದ್ದಾನೆ ಎಂದರು. ಮೂರನೆಯ ವಾರ ನನ್ನ ಮುಖ ನೋಡದೆಯೇ "ಆಗ್ತದೆ ಮಾರಾಯ" ಎಂದರು. ಶಾಲೆ ತೆರೆಯುವುದರೊಳಗೆ ಹೊಸ ಆಟದ ಚಿತ್ರಗಳು ಮುಗಿಯಬೇಕಿತ್ತು. ಅಲ್ಲಿಯವರೆಗೆ ಇವನನ್ನು ಹಿಡಿದಿಡು ಅಂತ ಮ್ಯಾನೇಜರ್ ಹೇಳಿಕೊಟ್ಟಿರಬೇಕು ಎಂದು ನನಗೆ ಅನ್ನಿಸತೊಡಗಿತು. ಅನುಮಾನ ಪಡುವುದನ್ನು ನನಗೆ ಕಲಿಸಿದವರೇ ಅವರು. ಈಗ ಅದು ಅವರ ಮೇಲೆಯೇ ತಿರುಗಿತು.

ಆಗಸ್ಟ್ ಮೂರನೆಯ ವಾರದ ಒಂದು ಬೆಳಿಗ್ಗೆ ಪಿಕಪ್‌ನಲ್ಲಿ ನಾವಿಬ್ಬರೇ ಇದ್ದೆವು. ಚಹಾ ತರಲೆಂದು ಕಾಕ ಇಳಿದು ಹೋದರು. ಬೆವರು ಒರೆಸಲು ಟಿಶ್ಯೂ ಹುಡುಕುತ್ತಾ ನಾನು ಡ್ಯಾಶ್ ಬೋರ್ಡಿನ ಡಬ್ಬಿ ತೆರೆದೆ. ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಪಾಸ್‌ಪೋರ್ಟ್ ಇತ್ತು. ಅದರೊಳಗೆ ಮಡಚಿಟ್ಟ ಎಕ್ಸಿಟ್ ಅರ್ಜಿ, ಮ್ಯಾನೇಜರ್ ಸಹಿ ಹಾಕಿದ ದಿನ ಹೇಗಿತ್ತೋ ಹಾಗೇ. ಅದು ಕಚೇರಿಯ ಮೆಟ್ಟಿಲನ್ನೇ ಹತ್ತಿರಲಿಲ್ಲ.

ಕಾಕ ಎರಡು ಲೋಟ ಹಿಡಿದು ಬಂದಾಗ ನಾನು ಪಾಸ್‌ಪೋರ್ಟನ್ನು ಅವರ ಮುಖಕ್ಕೇ ಹಿಡಿದೆ. "ಏನಿದು? ಮೂರು ವಾರದಿಂದ ಸುಳ್ಳು ಹೇಳ್ತಿದ್ದೀರಲ್ಲ!"

ಅವರು ಲೋಟಗಳನ್ನು ಬಾನೆಟ್ ಮೇಲಿಟ್ಟು, ಜೇಬಿನಿಂದ ಒಂದು ಫ್ಯಾಕ್ಸ್ ತೆಗೆದರು. ಪಾಸ್‌ಪೋರ್ಟ್ ಕಚೇರಿಯ ಎದುರು ಅರ್ಜಿ ಟೈಪ್ ಮಾಡುವ ಒಬ್ಬ ಮೊರಾಕ್ಕೊದವನಿಂದ ಫ್ರೆಂಚಿನಲ್ಲಿ ಪತ್ರ ಬರೆಸಿ, ನೆರವು ಕೊಡುವ ಆ ಸರ್ಕಾರಿ ಕಚೇರಿಗೇ ಕಾಕ ಕೇಳಿ ಕಳಿಸಿದ್ದರು! ನೀವು ಈ ಹುಡುಗನ ಕೆಲಸಕ್ಕೆ ಹಣ ಕೊಡುವುದು ಎಷ್ಟು ಕಾಲ? ನಿಲ್ಲಿಸಿದ ದಿನ ಅವನನ್ನು ಊರಿಗೆ ಕಳಿಸುವುದು ಯಾರು? ಅವನ ಪಾಸ್‌ಪೋರ್ಟ್ ಯಾರ ಕಪಾಟಿನಲ್ಲಿ ಇರುತ್ತದೆ? ಯಾರೋ ಪುಣ್ಯಾತ್ಮ ಉತ್ತರವನ್ನೂ ಬರೆದಿದ್ದ. ಯೋಜನೆ ನಿಜ. ನೆರವು ಕೆಲವು ವರ್ಷಗಳಿಗೆ ಮಾತ್ರ, ಮುಂದಿನದನ್ನು ಈಗ ಹೇಳಲಾಗದು. ಪಾಸ್‌ಪೋರ್ಟ್ ಕೆಲಸಗಾರನ ಬಳಿಯೇ ಇರುತ್ತದೆ.

"ಪಾಸ್‌ಪೋರ್ಟ್ ಇಟ್ಕೊಳ್ಳದ ಕಂಪನಿ ಎಂತ ಕಂಪನಿ ಮಾರಾಯ? ನಾಳೆ ಅವರು ನಿನ್ನನ್ನು ನೋಡಿಯೇ ಇಲ್ಲ ಅಂದ್ರೆ?" ಎಂದರು ಕಾಕ. "ಇದಕ್ಕೂ ಸೀಲ್ ಇಲ್ಲ. ಸೀಲ್ ಹಾಕಿ ಕಳಿಸಿ ಅಂತ ವಾಪಸು ಬರೆಸಿದ್ದೇನೆ. ಬಂದ ದಿನವೇ ಎಕ್ಸಿಟ್ ಹಾಕಿಸ್ತೇನೆ."

ಇಂದು ಇದನ್ನು ಬರೆಯುವಾಗ ನಗು ಬರುತ್ತದೆ. ಅಂದು ಬರಲಿಲ್ಲ. ಇನ್ನು ಹತ್ತು ದಿನ ಉಳಿದಿತ್ತು. "ಅಲ್ಲಿ ಸೀಲೇ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕು? ನೀವು ಇಲ್ಲೇ ಕೊಳೀತಿದ್ದೀರಿ, ನಾನೂ ಕೊಳೀಬೇಕು ಅಂತ ನಿಮ್ಮ ಆಸೆ. ಹೊಟ್ಟೆಕಿಚ್ಚು ನಿಮಗೆ!" ಎಂದುಬಿಟ್ಟೆ.

ಕಾಕ ಚಹಾವನ್ನು ಮರಳಿನ ಮೇಲೆ ಚೆಲ್ಲಿ ಗಾಡಿ ಹತ್ತಿದರು. ಮರುದಿನ ಮಧ್ಯಾಹ್ನದೊಳಗೆ ಮುದ್ರೆ ಒತ್ತಿಸಿದ ಪಾಸ್‌ಪೋರ್ಟ್ ನನ್ನ ಮೇಜಿನ ಮೇಲಿತ್ತು. ಕ್ಷಮೆ ಕೇಳಬೇಕೆಂದು ಎರಡು ಸಲ ಅವರ ಕೋಣೆಯವರೆಗೆ ಹೋಗಿ ಹಿಂದಿರುಗಿದೆ.

ವಿಮಾನ ನಿಲ್ದಾಣಕ್ಕೆ ಬಿಟ್ಟವರೂ ಅವರೇ. ಒಳಗೆ ಹೋಗುವಾಗ ನನ್ನ ಹೆಗಲು ಹಿಡಿದು, "ಅಲ್ಲಿ ಯಾರು ಕೇಳಿದ್ರೂ ಪಾಸ್‌ಪೋರ್ಟ್ ಕೊಡ್ಬೇಡ ಆಯ್ತಾ? ನಗ್ತಾ ಕೇಳಿದ್ರೆ ಅಂತೂ ಕೊಡ್ಲೇಬೇಡ," ಎಂದರು. ತಪ್ಪಾಯಿತು ಕಾಕಾ ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಅವರನ್ನು ನಾನು ಕಣ್ಣಾರೆ ಕಂಡದ್ದು ಅದೇ ಕೊನೆ.

ಮಾಂಟ್ರಿಯಲ್ ಸುಳ್ಳಾಗಿರಲಿಲ್ಲ. ಕೆಲಸ ಇತ್ತು, ಸಂಬಳ ತಾರೀಖಿಗೆ ಸರಿಯಾಗಿ ಬಂತು. ಆದರೆ ಸರ್ಕಾರದ ಕಡೆಯವರು ತಲೆ ಎಣಿಸಲು ಬರುವ ದಿನ ಎಲ್ಲರೂ ಕುರ್ಚಿಯಲ್ಲಿ ಇರಲೇಬೇಕು ಎಂದು ಹೇಳಿದಾಗ, ಜ್ವರ ಬಂದವನೂ ಮಫ್ಲರ್ ಸುತ್ತಿಕೊಂಡು ಬಂದು ಕೂತಾಗ, ನನಗೆ ಅಲ್ ಖರ್ಜ್‌ನ ಆ ಧೂಳು ಕಣ್ಣಿಗೆ ಬರುತ್ತಿತ್ತು. ಈ ಕುರ್ಚಿ ಆಟಕ್ಕೋ ನೆರವಿಗೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಪರವಾಗಿ ಅದನ್ನು ಕೇಳಿದ್ದು ವಿಟ್ಲದ ಒಬ್ಬ ಮನುಷ್ಯ, ಅದೂ ಬಾರದ ಭಾಷೆಯಲ್ಲಿ. ಅದು ನನಗೆ ಅರ್ಥವಾಗಲು ಒಂದು ಚಳಿಗಾಲ ಬೇಕಾಯಿತು.

ಮುಂದಿನ ವರ್ಷ ಜೋಸೆಫ್ ಒಂದು ಸುದ್ದಿ ಬರೆದ. ಮಂದೂಬ್ ಕೆಲಸಕ್ಕೆ ಇನ್ನು ಆ ದೇಶದವರನ್ನೇ ಇಡಬೇಕೆಂದು ಕಂಪನಿಗೆ ಮೇಲಿನಿಂದ ಕಾಗದ ಬಂದಿದೆ, ಹಸನ್ ಊರಿಗೆ ಹೊರಟಿದ್ದಾರೆ. ಕೂಡಲೇ ಫೋನ್ ಮಾಡಿದೆ. ಕಾಕ ತಮ್ಮ ಮೇಜಿನಲ್ಲೇ ಸಿಕ್ಕರು. ಬದಲಿಗೆ ಬಂದವನಿಗೆ ಫೈಲುಗಳನ್ನು ತೋರಿಸಿಕೊಡುತ್ತಿದ್ದರಂತೆ.

"ಹೋಯ್ ಮೈಸೂರು! ಪಾಸ್‌ಪೋರ್ಟ್ ನಿನ್ನತ್ರವೇ ಉಂಟಾ?"

"ಇದೆ ಕಾಕಾ. ನಿಮ್ಮ ವಿಷಯ ಹೇಳಿ. ಆ ಕಾಗದ ಸರಿಯಾಗಿ ನೋಡಿದ್ರಾ? ಸೀಲ್ ಇದೆಯಾ? ಇಷ್ಟು ವರ್ಷ ದುಡಿದವರಿಗೆ ಏನೂ ವಿನಾಯಿತಿ ಇಲ್ವಾ? ಕಚೇರಿಗೆ ಹೋಗಿ ಯಾರಾದ್ರೂ ಕೇಳಿದ್ರಾ?"

ಹಿಂದೆ ಯಾರೋ ಅರಬ್ಬಿಯಲ್ಲಿ ಏನೋ ಕೇಳುತ್ತಿದ್ದ.

"ಯಾರು ಕೇಳುವುದು ಮಾರಾಯ?" ಎಂದರು ಹಸನಬ್ಬ ಕಾಕ. "ಇಲ್ಲಿ ಎಲ್ಲರಿಗಾಗಿ ಕೇಳ್ಲಿಕ್ಕೆ ಹೋಗುವವ ನಾನೇ ಅಲ್ವಾ?"