ಕಲ್ಲುಬೆಂಚಿನ ನನ್ನ ಅರ್ಧ

ದೆವ್ವ, ಗಾಳಿ, ಮೈಮೇಲೆ ಬರೋದು, ಇವನ್ನೆಲ್ಲ ನಾನು ಒಂದು ದಿನಕ್ಕೂ ನಂಬಿದವಳಲ್ಲ. ನಮ್ಮ ಬೀದಿಯಲ್ಲಿ ಯಾರಾದರೂ ಏನೋ ಕಂಡೆ ಅಂತ ಬಂದರೆ, ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗು ಅಂತ ಅಟ್ಟುತ್ತಿದ್ದೆ. ಈಗಲೂ ನಂಬುತ್ತೇನೆ ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಬರೆದವಳು ನಾನು, ಒತ್ತು ದೀರ್ಘ ತಿದ್ದಿದವಳು ಮೊಮ್ಮಗಳು.

ನಮ್ಮ ಮನೆ ವಿಜಯನಗರ ಮೊದಲನೇ ಹಂತದಲ್ಲಿ. ಯೂನಿವರ್ಸಿಟಿ ಕ್ಯಾಂಪಸ್ಸು ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಒಂದೊಂದು ಹೊತ್ತಿಗೆ ಒಂದೊಂದು ಜನ. ಬೆಳಗ್ಗೆ ಆರರಿಂದ ಎಂಟರವರೆಗೆ ಮಂಡಿನೋವಿನವರು, ಸಕ್ಕರೆ ಕಾಯಿಲೆಯವರು. ಆಮೇಲೆ ಓದೋ ಮಕ್ಕಳು ಬಂದು ಮರದ ಬುಡದಲ್ಲಿ ಪುಸ್ತಕ ಹರಡಿಕೊಳ್ಳುತ್ತವೆ. ಮಧ್ಯಾಹ್ನ ಉಂಡ ಮಾಲಿಗಳು ಅದೇ ನೆರಳಲ್ಲಿ ಟವೆಲ್ ಹಾಸಿ ಮಲಗುತ್ತಾರೆ. ಸಂಜೆ ಜೋಡಿಗಳು. ಯಾರೂ ಬೋರ್ಡು ಹಾಕಿಲ್ಲ, ಆದರೂ ಒಬ್ಬರ ಹೊತ್ತಿಗೆ ಇನ್ನೊಬ್ಬರು ಹೋಗೋದಿಲ್ಲ. ಬೆಂಚುಗಳೂ ಹಾಗೇ. ಲೈಬ್ರರಿ ಎದುರು ಹೊಂಗೆ ಮರದ ಕೆಳಗಿನ ಕಲ್ಲುಬೆಂಚು ಹನ್ನೊಂದು ವರ್ಷದಿಂದ ನನ್ನದು ಮತ್ತು ಸರೋಜಮ್ಮನದು.

ಸರೋಜಮ್ಮ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದು ರಿಟೈರ್ ಆದವರು. ಬಲ ಅರ್ಧ ಅವರದು, ಎಡ ಅರ್ಧ ನನ್ನದು. ಬೆಂಚಿನ ಮೇಲೆ ಇಬ್ಬನಿ ಕೂತಿರುತ್ತದಲ್ಲ, ಅವರವರ ಅರ್ಧ ಅವರವರೇ ಒರೆಸಿಕೊಳ್ಳಬೇಕು ಅಂತ ಮೊದಲನೇ ವಾರವೇ ಕಾನೂನು ಮಾಡಿದರು. ನಾನು ತಡವಾಗಿ ಹೋದ ದಿನ ಅವರು ಒಣ ಕಲ್ಲಿನ ಮೇಲೆ ಕೂತಿರೋರು, ನನ್ನ ಅರ್ಧ ಒದ್ದೆಯಾಗೇ ಇರುತ್ತಿತ್ತು. "ನಿಮ್ಮ ಜಾಗ ಕಣ್ರೀ, ನಾನ್ಯಾಕೆ ಮುಟ್ಲಿ," ಅನ್ನೋರು. ಅಂಥ ಹೆಂಗಸು.

ಅವರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಮುಚ್ಚಿಡೋದೇನು. ಅವರು ಪೇಪರನ್ನು ಹತ್ತು ನಿಮಿಷಕ್ಕೆ ಓದಿ ಮಡಿಸಿಡೋರು, ನಾನು ಒಂದು ಕಾಲಮ್ಮು ದಾಟುವಷ್ಟರಲ್ಲಿ ಬಿಸಿಲು ಬರುತ್ತಿತ್ತು. ಏಳನೇ ಕ್ಲಾಸು ಪಾಸು ಅಂತ ಅವರಿಗೆ ಮೊದಲ ದಿನವೇ ಸುಳ್ಳು ಹೇಳಿದ್ದೆ. ಓದಿದ್ದು ಮೂರನೇದು. ತಮ್ಮನನ್ನು ಎತ್ತಿಕೊಳ್ಳೋಕೆ ಜನ ಬೇಕು ಅಂತ ಬಿಡಿಸಿಬಿಟ್ಟರು. ಅದು ಗೊತ್ತಿದ್ದವರೆಲ್ಲ ಸತ್ತುಹೋಗಿದ್ದರು. ನನ್ನ ಮಗನಿಗೂ ಹೇಳಿರಲಿಲ್ಲ.

ಕೆಲವು ವರ್ಷದ ಹಿಂದೆ ಚಳಿಗಾಲದಲ್ಲಿ ನನ್ನ ಮಂಡಿ ಊದಿಕೊಂಡು ಎರಡು ವಾರ ಮನೆ ಬಿಟ್ಟು ಹೊರಡಲಿಲ್ಲ. ಸರೋಜಮ್ಮನಿಂದ ಒಂದು ಫೋನಿಲ್ಲ. ನಾನೂ ಮಾಡಲಿಲ್ಲ, ನಾನ್ಯಾಕೆ ಮಾಡಲಿ. ಆಮೇಲೆ ಕೋಲು ಹಿಡಿದು ಹೇಗೋ ಕ್ಯಾಂಪಸ್ಸಿನ ಗೇಟಿನವರೆಗೆ ಹೋದೆ. ಅಲ್ಲಿಂದಾಚೆ ಕಾಲು ಬರಲಿಲ್ಲ. ಮೋರಿಕಟ್ಟೆಯ ಮೇಲೆ ಕೂತು ಹುಲ್ಲಿನಾಚೆ ನೋಡಿದೆ. ನಮ್ಮ ಬೆಂಚಿನಲ್ಲಿ ಇಬ್ಬರಿದ್ದರು. ಸರೋಜಮ್ಮನ ಪಕ್ಕ, ನನ್ನ ಅರ್ಧದಲ್ಲಿ, ಯಾವಳೋ ಕೂತಿದ್ದಳು.

ಬೆನ್ನು ಮಾತ್ರ ಕಾಣುತ್ತಿತ್ತು. ಗೂನು ಬೆನ್ನು, ನಿಂಬೆಹಣ್ಣಿನಷ್ಟು ತುರುಬು, ಒಂದು ಭುಜ ಕೆಳಗೆ ಒಂದು ಮೇಲೆ. ಇಂಥ ಮುದುಕಿಯನ್ನು ಎಲ್ಲಿಂದ ಹುಡುಕಿ ತಂದರೋ ಅಂದುಕೊಂಡೆ. ಅಷ್ಟರಲ್ಲಿ ಸರೋಜಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ನಕ್ಕರು. ಅಷ್ಟು ವರ್ಷದಲ್ಲಿ ನನ್ನನ್ನು ಬೆರಳಲ್ಲೂ ಮುಟ್ಟಿರಲಿಲ್ಲ. ಮಂಡಿನೋವು ಮರೆತೇಹೋಯಿತು, ಆ ಉರಿಯೇ ದೊಡ್ಡದಾಯಿತು. ಮಾರನೇ ದಿನವೂ ಅವಳಿದ್ದಳು. ಅದರ ಮಾರನೇ ದಿನವೂ.

ನಾಲ್ಕನೇ ದಿನ, ಕಾಲು ಮುರಿದರೂ ಸರಿ ಅಂತ ಹುಲ್ಲಿನ ಮೇಲೇ ಹೊರಟೆ. ಅರ್ಧ ದಾರಿಯಲ್ಲಿ ಓಡೋ ಹುಡುಗರ ಗುಂಪೊಂದು ಅಡ್ಡ ಬಂತು. ಅವರು ದಾಟಿದ ಮೇಲೆ ನೋಡಿದರೆ ಸರೋಜಮ್ಮ ಒಬ್ಬರೇ.

"ಯಾರ್ರೀ ಅದು ನನ್ನ ಜಾಗದಲ್ಲಿ ಕೂತಿದ್ದೋಳು?" ಅಂದೆ.

ಅವರು ನನ್ನ ಕೋಲು ನೋಡಿದರು. "ಈಗ ತಾನೇ ಎದ್ದು ಹೋದ್ರಿ. ಅಷ್ಟರಲ್ಲಿ ಕೋಲು ಎಲ್ಲಿ ಸಿಕ್ತು?"

"ಎರಡು ವಾರ ಮಂಚ ಹಿಡಿದಿದ್ದೆ ನಾನು. ಇದ್ದೀನಾ ಸತ್ತಿದ್ದೀನಾ ಅಂತ ಒಂದು ಫೋನ್ ಮಾಡಿದ್ರಾ?"

"ದಿನಾ ಪಕ್ಕದಲ್ಲಿ ಕೂರೋರಿಗೆ ಯಾರಾದ್ರೂ ಫೋನ್ ಮಾಡ್ತಾರೇನ್ರೀ? ಸುಮ್ನೆ ಕೂತ್ಕೊಳ್ಳಿ."

ಜಗಳ ಆಡೋಣ ಅಂತಲೇ ಹೋದವಳು ಒರೆಸೋ ಬಟ್ಟೆ ತೆಗೆದೆ. ಸುತ್ತಲಿನ ಬೆಂಚುಗಳೆಲ್ಲ ಇಬ್ಬನಿಯಲ್ಲಿ ಹೊಳೆಯುತ್ತಿದ್ದವು. ನನ್ನ ಅರ್ಧ ಒಣಗಿತ್ತು. ಕೈಯಿಟ್ಟೆ. ಬೆಚ್ಚಗಿತ್ತು.

ನಾನು ಕೂತೆ. ಸರೋಜಮ್ಮ ತಗ್ಗಿದ ದನಿಯಲ್ಲಿ ಹೇಳಿದರು: "ಮೂರನೇ ಕ್ಲಾಸಿಗೇ ಬಿಡಿಸಿಬುಟ್ರು ಅಂತ ಹೇಳ್ಕೊಂಡ್ರಲ್ಲ, ಅದಕ್ಕೇ ನಾಚಿಕೆಯಾಗಿ ಎದ್ದು ಹೋದ್ರೇನೋ ಅನ್ಕೊಂಡೆ. ತಮ್ಮನ್ನ ಸೊಂಟದಲ್ಲಿಟ್ಕೊಂಡು ಸ್ಕೂಲಿನ ಕಿಟಕಿ ಹತ್ರ ನಿಲ್ತಿದ್ರಂತೆ, ಪಾಪ. ನನ್ನ ಮೇಲೆ ಹೊಟ್ಟೆಕಿಚ್ಚು ಅಂದ್ರಲ್ಲ, ಅದಕ್ಕೇನೂ ಬೇಜಾರಿಲ್ಲ ಕಣ್ರೀ. ನನಗೂ ನಿಮ್ಮ ಮೇಲೆ ಇತ್ತು. ಯಾಕೆ ಅಂತ ಮೊನ್ನೆ ಹೇಳಿದ್ನಲ್ಲ."

ಆ ಕಿಟಕಿ ವಿಷಯ ನಾನು ಯಾರಿಗೂ ಹೇಳಿದ್ದಲ್ಲ. ನನ್ನ ಗಂಡನಿಗೂ.

ಸರೋಜಮ್ಮನಿಗೆ ಅರಳುಮರಳು ಅನ್ನೋಣವೆಂದರೆ, ಅವರಿಗೆ ಇವತ್ತಿಗೂ ಆಫೀಸಿನ ಫೈಲುಗಳ ನಂಬರು ಬಾಯಲ್ಲಿದೆ. ಆ ಮುದುಕಿಯನ್ನು ನಾನೂ ಮೂರು ದಿನ ಕಣ್ಣಾರೆ ಕಂಡಿದ್ದೇನೆ. ಡಾಕ್ಟರು ನನ್ನ ಕಣ್ಣು ಸರಿಯಾಗಿದೆ ಅಂದಿದ್ದಾರೆ. ಒಂದು ತಿಂಗಳಾದ ಮೇಲೆ ಮೊಮ್ಮಗಳು ನಾನು ರಂಗೋಲಿ ಹಾಕೋದನ್ನು ಹಿಂದಿನಿಂದ ಫೋಟೋ ಹೊಡೆದು ತೋರಿಸಿದಳು. ಗೂನು ಬೆನ್ನು, ನಿಂಬೆಹಣ್ಣಿನಷ್ಟು ತುರುಬು, ಒಂದು ಭುಜ ಕೆಳಗೆ. ನಮ್ಮ ಬೆನ್ನನ್ನು ನಾವು ಯಾವತ್ತು ನೋಡಿರುತ್ತೇವೆ?

ಈಗಲೂ ದಿನಾ ಹೋಗುತ್ತೇನೆ, ನನ್ನ ಅರ್ಧ ನಾನೇ ಒರೆಸಿಕೊಂಡು ಕೂರುತ್ತೇನೆ. ನನ್ನಂಥವಳಲ್ಲಿ ಏನು ಕಂಡು ಕರುಬಿದ್ರಿ ಅಂತ ಸರೋಜಮ್ಮನನ್ನು ಮೂರು ಸಲ ಕೇಳಿದ್ದೇನೆ.

"ಒಂದು ಸಲ ಹೇಳೋಕೇ ಪ್ರಾಣ ಹೋಯ್ತು. ಮತ್ತೆ ಹೇಳಿಸಬೇಡಿ," ಅನ್ನುತ್ತಾರೆ.

ಅವರು ಹೇಳಿದ್ದು ಅವಳಿಗೆ. ಕೇಳಿಸಿಕೊಂಡು ಎದ್ದು ಹೋದಳು. ನನಗೆ ಇವತ್ತಿಗೂ ಗೊತ್ತಿಲ್ಲ.