ಜವರಪ್ಪನ ಬಗ್ಗುವ ಲೆನ್ಸು

ಮದ್ದೂರಿನಲ್ಲಿ ಸ್ಟುಡಿಯೊ ಇಟ್ಟಿದ್ದ ಕೊಪ್ಪದ ಜವರಪ್ಪ ಫೋಟೊ ತೆಗೆಯುವಾಗ ಲೆನ್ಸಿನ ಕತ್ತು ಹಿಡಿದು ಅತ್ತಿತ್ತ ಬಗ್ಗಿಸುತ್ತಿದ್ದ, ಹಠಮಾರಿ ಕರುವಿಗೆ ಮೂಗುದಾರ ಹಾಕುವವನ ಹಾಗೆ. ರಬ್ಬರ್ ಕೊಳವೆಯಂಥ ಆ ಲೆನ್ಸಿನ ಧರ್ಮವೇ ಬೇರೆ. ಚಿತ್ರದಲ್ಲಿ ಒಂದು ಜಾಗ ಮಾತ್ರ ಸ್ಪಷ್ಟ, ಮಿಕ್ಕಿದ್ದೆಲ್ಲ ಅಂಬಲಿ. ಪಕ್ಕದಲ್ಲೇ ನನ್ನ ಟೈಲರ್ ಅಂಗಡಿ ಇದ್ದುದರಿಂದ ಈ ಶಾಸ್ತ್ರದ ಏಕೈಕ ಶಿಷ್ಯನ ಪದವಿ ನನಗೆ ಕೇಳದೆಯೇ ಪ್ರಾಪ್ತವಾಗಿತ್ತು.

"ನಿನ್ ಕಣ್ಣೂ ಒಂದುನ್ನೇ ನೋಡಾದು ಕಣ್ಲಾ. ಮಿಕ್ಕಿದ್ದು ಸುಮ್ನೆ ಅಂಗೇ ಇರ್ತದೆ," ಎನ್ನುತ್ತಿದ್ದ.

ವೈದ್ಯನಾಥಪುರದ ದೇವಸ್ಥಾನಕ್ಕೆ ಹೋಗಿ ಬಾಗಿಲ ಚಿಲಕವೊಂದರ ಫೋಟೊ ಮಾತ್ರ ತೆಗೆದುಕೊಂಡು ಬಂದ ಭಕ್ತ ಅವನು. ಮದುವೆಗಳಲ್ಲಿ ಮಾತ್ರ ಆ ಲೆನ್ಸು ಚೀಲದಲ್ಲೇ ಇರುತ್ತಿತ್ತು. ನಮ್ಮ ಕಡೆ ಮದುವೆ ಫೋಟೊ ಅಂದರೆ ಬಂದವರ ಹಾಜರಿ. ಒಬ್ಬರ ಮುಖ ಮಸುಕಾದರೂ ಪಂಚಾಯ್ತಿ ಸೇರುತ್ತದೆ.

ಕೊಪ್ಪದ ಯಜಮಾನ ಬೋರೇಗೌಡರ ತಂಗಿ ಸಾಕಮ್ಮನ ಮಗಳ ಮದುವೆಯಲ್ಲಿ ಅದು ಹೊರಗೆ ಬಂತು. ಗಂಡ ತೀರಿಕೊಂಡವಳೆಂದು ಸಾಕಮ್ಮ ಮಂಟಪ ಹತ್ತುವಂತಿಲ್ಲ. ಧಾರೆ ಎರೆದದ್ದು ಗೌಡ ದಂಪತಿ. ಹೆತ್ತವಳು ಕಂಬದ ಮರೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಧಾರೆಯಷ್ಟನ್ನೂ ಜವರಪ್ಪ ಆ ಲೆನ್ಸಿನಲ್ಲೇ ಹೊಡೆದ. ಸಾಕಮ್ಮನ ರೆಪ್ಪೆಯ ನೀರು ಸಹ ಕಾಣುತ್ತಿತ್ತು. ಗೌಡರು ರೇಷ್ಮೆ ಪಂಚೆ ಉಟ್ಟ ಹೊಗೆಯಾಗಿದ್ದರು.

ಗೌಡರು ಸ್ಟುಡಿಯೊಗೇ ಬಂದರು. "ಧಾರೆ ಎರ್ದೋನು ನಾನು. ನನ್ ಮಖ ಎಲ್ಲಲಾ?"

"ಎತ್ತವ್ವ ಎಲ್ಲವ್ಳೆ ಅಂತ ನೋಡ್ದೆ ಗೌಡ್ರೆ."

ಆಮೇಲೆ ಮಳವಳ್ಳಿಯವರೆಗೂ ಅವನನ್ನು ಮದುವೆಗೆ ಕರೆದವರಿಲ್ಲ. ಅವನು ಅದನ್ನು ಲೆಕ್ಕಕ್ಕಿಡಲಿಲ್ಲ. ಆ ಧಾರೆಯ ಫೋಟೊಗಳಲ್ಲೊಂದಕ್ಕೆ ಕಟ್ಟು ಹಾಕಿಸಿ, ಸಾಕಮ್ಮ ಬಂದು ನೋಡಿದರೆ ಸಾಕು ಎಂದು ಕಾದ.

ಸಾಕಮ್ಮ ಬಂದಳು. ಬಹಳ ಹೊತ್ತು ನೋಡಿದಳು. ಹೊಲಿಗೆ ನಿಲ್ಲಿಸಿ ನಾನೂ ಹೋಗಿ ನಿಂತೆ.

"ಚೆಂದಾಗದೆ ಕಣಣ್ಣ," ಎಂದಳು. "ಎಲ್ಲಾನೂ ಅಳ್ಸಾಕ್ಬುಡು. ಬೀಗ್ರು ನೋಡುದ್ರೆ, ಮುಂಡೆ ಕಣ್ಣೀರು ಧಾರೆಗೆ ಬಿತ್ತು ಅಂತಾರೆ. ಮಗ್ಳು ಬಾಳ್ಬೇಕಲ್ಲ."

ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅವಳ ಎದುರಿಗೇ ಅಳಿಸಿದ. ಕಟ್ಟು ಬಿಚ್ಚಿ ಪಟವನ್ನು ಅವಳ ಕೈಗೇ ಕೊಟ್ಟ. ಅವಳು ಅದನ್ನು ನಾಲ್ಕು ಚೂರು ಮಾಡಿ ಸೆರಗಿಗೆ ಕಟ್ಟಿಕೊಂಡು ಹೋದಳು. ಅಂದಿನಿಂದ ಜವರಪ್ಪ ತೆಗೆದದ್ದು ಪಾಸ್‌ಪೋರ್ಟ್ ಫೋಟೊ ಮಾತ್ರ. ಎಲ್ಲವೂ ಬಲು ಸ್ಪಷ್ಟ. ಕಣ್ಣಿನ ಸುದ್ದಿ ಮತ್ತೆ ಎತ್ತಲಿಲ್ಲ.

ಹೋದ ವರ್ಷ ತೀರಿಕೊಂಡ. ಎಲೆಕ್ಷನ್ನಿಗೆ ನಿಲ್ಲುವ ಉಮೇದಿನಲ್ಲಿ ಬೋರೇಗೌಡರು ಊರಿನ ಸಾವಿಗೆಲ್ಲ ಫ್ಲೆಕ್ಸ್ ಹಾಕಿಸುತ್ತಿದ್ದ ಕಾಲ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇವನಿಗೂ ಒಂದು ಎದ್ದಿತು. ಜೀವಮಾನವೆಲ್ಲ ಕ್ಯಾಮೆರಾದ ಹಿಂದೆ ನಿಂತವನದು ಬೇರೆ ಫೋಟೊ ಸಿಗದೆ ಆಧಾರ್ ಕಾರ್ಡಿನದನ್ನೇ ಆಳೆತ್ತರಕ್ಕೆ ಹಿಗ್ಗಿಸಿದ್ದರು. ಕೆಳಗೆ ಕೈಮುಗಿದ ಗೌಡರ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಮೇಲಿನ ಮಸುಕಿನಲ್ಲಿ ಜವರಪ್ಪನ ಕಣ್ಣು ಎಲ್ಲಿದೆಯೆಂದು ಬಸ್ಸು ಬರುವವರೆಗೂ ಹುಡುಕಿದೆ.