ಕೊರೆಸಿದ ಟೈರು

ಅವರ ಬಲಗೈ ಹೆಬ್ಬೆರಳಿನ ಉಗುರು ಎರಡಾಗಿ ಸೀಳಿತ್ತು. ಸೀಳಿನ ತುಂಬ ರಬ್ಬರಿನ ಕಪ್ಪು. ಗುಂಡ್ಲುಪೇಟೆ ಹೆದ್ದಾರಿ ಬದಿಯ ಟೈರಂಗಡಿಯ ಯಜಮಾನರು ಅವರು; ಅದೇ ಅವರ ಅಳತೆಗೋಲು. ಟೈರಿನ ಗೆರೆಗೆ ಬೆರಳೊತ್ತಿ "ಇನ್ನೊಂದು ಮಳೆಗಾಲ ತಡೀತದೆ" ಎಂದರೆ ತಡೆಯುತ್ತಿತ್ತು. ಲಾರಿಯವರೊಡನೆ ಮೆತ್ತಗೆ ಮಾತಾಡುವವರು, ಊಟಿ ಕಡೆ ಹಾರುವ ಸ್ಪೋರ್ಟ್ಸ್ ಕಾರು ಕಂಡರೆ ಮಾತ್ರ ಉರಿದು ಬೀಳುತ್ತಿದ್ದರು.

"ಇಂಜಿನ್ನು ಎಷ್ಟು ಕುದುರೇದಾದ್ರೇನ್ಲಾ? ನೆಲ ಇಡಿಯೋದು ನಾಕು ಅಂಗೈ ರಬ್ಬರು ಕಣ."

ಆ ಬೈಗುಳ ನನಗೂ ಬಿದ್ದಿದೆ. ಚಾಮರಾಜನಗರದ ಅರಿಶಿನ ವ್ಯಾಪಾರಿ ನಾನು. ಹಳೆಯದೊಂದು ಸ್ಪೋರ್ಟ್ಸ್ ಕಾರು ಕೊಂಡು, ಅಲ್ಪನಿಗೆ ಐಶ್ವರ್ಯ ಬಂದ ಹಾಗೆ ಮೆರೆಯುತ್ತಿದ್ದೆ. ಟೈರು ಸವೆದಾಗ, ಲಾರಿಯವರು ಮಾಡಿಸುವಂತೆ, ಬಿಸಿ ಕತ್ತಿಯಲ್ಲಿ ಹೊಸ ಗೆರೆ ಕೊರೆಸಿಬಿಟ್ಟೆ. ನೋಡಲು ಥೇಟ್ ಹೊಸದೇ. ಗಾಳಿ ಹಿಡಿಸಲು ಹೋದಾಗ ಅವರು ಬೆರಳಿಟ್ಟವರೇ ಎದ್ದು ನಿಂತರು.

"ಗೆರೆಯೊಳಗೆ ಕಂಪ್ನಿಯೋರು ಸಣ್ಣ ದಿಣ್ಣೆ ಇಟ್ಟಿರ್ತಾರೆ. ರಬ್ಬರು ಸವೆದು ಆ ಮಟ್ಟಕ್ಕೆ ಬಂದ್ರೆ ಟೈರು ಸತ್ತೋಯ್ತು ಅಂತ. ನೀನು ದಿಣ್ಣೇನೇ ಕುಯ್ಸಿದ್ದೀಯ! ಎಣಕ್ಕೆ ಸಿಂಗಾರ ಮಾಡ್ಸಿದ್ಯೇನ್ಲಾ?"

"ಚೆನ್ನಾಗೇ ಗ್ರಿಪ್ ಅದೆಯಲ್ಲ," ಎಂದೆ.

"ಒಣ ರೋಡಲ್ಲಿ ಬೋಳು ಟೈರೂ ಇಡೀತದೆ. ಮಳೇಲಿ ನೀರು ಓಗಾಕೆ ಆಳದ ಗೆರೆ ಬೇಕು, ಇಲ್ದಿದ್ರೆ ಗಾಡಿ ತೇಲ್ತದೆ. ಆಳ ಕೊರ್ಸನ ಅಂದ್ರೆ ಇದೇನು ಲಾರಿ ಟೈರಾ? ಅಷ್ಟು ದಪ್ಪ ರಬ್ಬರಿಲ್ಲ, ಸಿಡಿದೋಯ್ತದೆ."

ನಾಲ್ಕನ್ನೂ ಬಿಚ್ಚಿ, ಇನ್ಯಾರೂ ಹಾಕಿಕೊಳ್ಳದ ಹಾಗೆ ಗರಗಸದಲ್ಲಿ ಕೊಯ್ದು ಎಸೆದರು. ಜನರೆದುರು ನನ್ನ ಮಾನ ಹೋಯಿತೆಂದು ಆರು ತಿಂಗಳು ಅತ್ತ ತಲೆ ಹಾಕಲಿಲ್ಲ. ಎಂಥ ಮುಠ್ಠಾಳ ನಾನು!

ಹೋದ ಮುಂಗಾರಿನ ಮೊದಲ ಮಳೆಗೆ ಬಿಳಿ ಸ್ಪೋರ್ಟ್ಸ್ ಕಾರೊಂದು ಬ್ರೇಕು ಹಾಕಿದರೂ ನಿಲ್ಲದೆ ಜಾರಿಕೊಂಡು ಬಂದು, ಅಂಗಡಿ ಮುಂದೆ ಲಾರಿಯ ಚಕ್ರ ಬಿಗಿಯುತ್ತಿದ್ದ ಅವರಿಗೆ ಬಡಿಯಿತು. ಅಲ್ಲೇ ಹೋದರು. ಸುದ್ದಿ ತಿಳಿದು ಓಡಿದೆ. ಸೇರಿದ್ದವರೆಲ್ಲ ಒಂದೇ ರಾಗ: "ಮಳೆ ಕಣಪ್ಪ, ರೋಡು ಜಾರ್ತಿತ್ತು. ಅಣೇಬರ." ಕಾರಿನವನೂ ತಲೆಯಾಡಿಸುತ್ತ ನಿಂತಿದ್ದ. ನನಗೆ ಮೈಯೆಲ್ಲ ಉರಿಯಿತು. ಅದೇ ಮಳೆಯಲ್ಲಿ, ಅದೇ ರಸ್ತೆಯಲ್ಲಿ ತರಕಾರಿ ಲಾರಿಗಳು ಸಾಲಾಗಿ ಹೋಗಿದ್ದವು. ಅವ್ಯಾವುದಕ್ಕೂ ಇಲ್ಲದ ಹಣೆಬರಹ ಇದೊಂದಕ್ಕೆ ಎಲ್ಲಿಂದ ಬಂತು? ಬಗ್ಗಿ ಆ ಕಾರಿನ ಟೈರು ತಡವಿದೆ. ಗೆರೆಯ ಅಂಚು ತರಿತರಿ, ದಿಣ್ಣೆ ಕೊಯ್ದುಹೋಗಿತ್ತು.

ಪೊಲೀಸರು ಮಹಜರಿಗೆ ಸಾಕ್ಷಿಯಾಗಿ ನನ್ನ ಸಹಿ ಕೇಳಿದರು. ಜನ ಹೇಳಿದ್ದನ್ನೇ ಬರೆದಿದ್ದರು, ಮಳೆಯಿಂದ ಕಾರು ಜಾರಿತು ಎಂದು.

"ಸವೆದ ಟೈರು ಕೊರೆಸಿದ್ದು ಅಂತ ಬರೀರಿ. ಆಗ ಹಾಕ್ತೀನಿ."

"ಒಳ್ಳೆ ಹೊಸ ಟೈರಿನಂಗೆ ಕಾಣ್ತದೆ. ನಿಮಗೆಂಗೆ ಗೊತ್ತು?"

ಟೈರಂಗಡಿ ಯಜಮಾನರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಇಡೀ ಬೀದಿಗೆ ಕೇಳುವಂತೆ ಕೂಗಿದೆ:

"ನಾನೂ ಕೊರೆಸಿದ್ದೆ ಸಾರ್, ಅದನ್ನೂ ಬರ್ಕಳಿ! ನಾನಿನ್ನೂ ಯಾರನ್ನೂ ಕೊಂದಿಲ್ಲ ಅಂದ್ರೆ, ಅದು ಇಲ್ಲಿ ಮಲಗವ್ರಲ್ಲ, ಇವರು ಬಿಚ್ಚಿ ಎಸೆದಿದ್ದಕ್ಕೆ!"